ಬಣ್ಣ ಬಳಿದ ಬೆಸುಗೆ

"ಪ್ಲಗ್ ಕಿತ್ತಿದ್ದು ಯಾರು?!"

ಅವಳ ಕೂಗಿಗೆ ಶೆಡ್ಡಿನ ತಗಡೇ ಅದುರಿದಂತಾಯಿತು.

ಬೆಂಚಿನ ಮೇಲೆ ಕಾರಿನ ಬಾಗಿಲೊಂದು ಅಂಗಾತ ಬಿದ್ದಿತ್ತು. ಅದರ ಗಾಜು, ಗಾಜು ಇಳಿಸುವ ಮೋಟರು, ಸ್ಪೀಕರು, ಒಳಗಿನ ಹೊದಿಕೆ ಎಲ್ಲವನ್ನೂ ಬೆಳಿಗ್ಗೆಯೇ ಕಿತ್ತು ತೂಕ ನೋಡಿದ್ದಳು. ಇಪ್ಪತ್ತೆಂಟು ಕಿಲೋ ಇದ್ದ ಬಾಗಿಲು ಈಗ ಹದಿನಾರು. ಒಳಗೆ ಅಡ್ಡಕ್ಕಿರುವ ಉಕ್ಕಿನ ಪಟ್ಟಿಯನ್ನೂ ಕೊಯ್ದರೆ ಹದಿಮೂರಕ್ಕೆ ಇಳಿಯುತ್ತಿತ್ತು. ಕನ್ನಡಕ ಏರಿಸಿ, ಗ್ರೈಂಡರ್ ಹಿಡಿದು, ಗುಂಡಿ ಒತ್ತಿದಳು... ಯಂತ್ರಕ್ಕೆ ಉಸಿರೇ ಇಲ್ಲ.

ಸಿಟ್ಟಿನಿಂದ ತಿರುಗಿದಳು.

ಗೋಡೆಯ ಪಕ್ಕ, ಕೈಯಲ್ಲಿ ಪ್ಲಗ್ ಹಿಡಿದು ನಿಂತಿದ್ದವನು... ಅವನು!

ಹದಿನಾಲ್ಕು ತಿಂಗಳಿಂದ ಅವಳ ಮನೆಯಲ್ಲಿ ಶಾಪ ಹಾಕಲೆಂದಲ್ಲದೆ ಬೇರೆ ಯಾವುದಕ್ಕೂ ಯಾರೂ ನೆನೆಯದ ಮನುಷ್ಯ. ಒಂದು ಕಾಲಕ್ಕೆ ಇದೇ ಶೆಡ್ಡಿನ ವೆಲ್ಡರ್. ಅವಳ ಅಣ್ಣನ ಜೀವದ ಗೆಳೆಯ. ಇನ್ನೊಂದು ಸಂಬಂಧವೂ ಇತ್ತು, ಅದನ್ನು ಈಗ ನೆನೆದರೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು. ಈ ಮನುಷ್ಯನನ್ನು ಮದುವೆಯಾಗಬೇಕೆಂದು ಅವಳು ಆಸೆಪಟ್ಟಿದ್ದಳು.

ಇವನು ಹಾಕಿದ ಬೆಸುಗೆ ಬಿಟ್ಟುಕೊಂಡೇ ಅಣ್ಣ ಸತ್ತದ್ದು.

"ಯಾವ ಮುಖ ಇಟ್ಕೊಂಡು ಇಲ್ಲಿಗೆ ಬಂದ್ರಿ?"

ಬಂದ್ರಿ! ಸದಾ 'ನೀನು' ಎನ್ನುತ್ತಿದ್ದ ಬಾಯಲ್ಲಿ ಇಂದು ಈ ಮರ್ಯಾದೆ! ಬೈದಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

"ಟ್ರ್ಯಾಕ್ ಆಫೀಸಿಗೆ ಕಾಗದ ಕೊಡೋಕೆ ಬಂದಿದ್ದೆ. ಈ ದಾರೀಲಿ ಹೋಗ್ತಾ ಕಣ್ಣಿಗೆ ಬಿತ್ತು." ಅವನು ಬೆಂಚನ್ನು ನೋಡಿದ, ಆಚೆ ನಿಂತಿದ್ದ ಕಾರನ್ನು, ಅದರೊಳಗೆ ಡ್ರೈವರ್ ಸುತ್ತ ಕಟ್ಟಿದ್ದ ಪೈಪುಗಳ ಪಂಜರವನ್ನು ನೋಡಿದ. "ಪಟ್ಟಿ ಕೊಯ್ಯೋಕೆ ಮುಂಚೆ ಪಂಜರದ ಪಕ್ಕದ ಪೈಪ್ ನೋಡಿದ್ಯಾ? ಕೆಳಗಿನ ಜಾಯಿಂಟು?"

"ಬಣ್ಣ ಹಾಕಿದಾರಲ್ಲ, ಕಣ್ಣು ಕಾಣಲ್ವಾ ನಿಮಗೆ?"

ಅವನ ಮುಖ ಒಂದು ಕ್ಷಣ ಹೇಗೋ ಆಯಿತು. ಕಾರಿನ ಪಕ್ಕ ನೆಲದ ಮೇಲೆ ಮಲಗಿ, ಕತ್ತು ಒಳಗೆ ತೂರಿಸಿ, ಜೇಬಿನಿಂದ ಚಿಕ್ಕ ಚಾಕು ತೆಗೆದು ಪೈಪಿನ ಬುಡದ ಬಣ್ಣ ಕೆರೆಯತೊಡಗಿದ. ಕರ್‍ರ್, ಕರ್‍ರ್...

"ಏಯ್! ಅದು ಹಲ್ಲಿನ ಡಾಕ್ಟರ್ ಕಾರು! ಹೊಸ ಬಣ್ಣ ಕಣ್ರೀ!"

ಅವನಿಗೆ ಕೇಳಿಸಲೇ ಇಲ್ಲವೇನೋ. ನಾಲ್ಕು ಕಡೆಯೂ ಕೆರೆದು, ಬೆರಳಿನಿಂದ ಸವರಿ, ಸಮಾಧಾನವಾದ ಮೇಲೆಯೇ ಎದ್ದ.

"ಪೂರ್ತಿ ವೆಲ್ಡ್ ಆಗಿದೆ. ಈಗ ಕೊಯ್ಯಿ."

ಅವಳ ಮೈಯೆಲ್ಲ ಉರಿದುಹೋಯಿತು.

"ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಇದೇ ಶ್ರದ್ಧೆ ಅವತ್ತು ಎಲ್ಲಿ ಹೋಗಿತ್ತು? ನನ್ನ ಅಣ್ಣನ ಕಾರಿಗೆ ಬೆಸುಗೆ ಹಾಕೋವಾಗ ಈ ಚಾಕು ಎಲ್ಲಿತ್ತು ರೀ?"

ಅವನು ಪ್ಲಗ್ಗನ್ನು ಮತ್ತೆ ಗೋಡೆಗೆ ಸಿಕ್ಕಿಸಿ, ಪ್ಯಾಂಟಿನ ಧೂಳು ಕೊಡವಿಕೊಂಡು ಹೊರಟುಹೋದ.

ಛೀ, ಒಂದು ಮಾತಾದರೂ ಆಡಬಾರದಾ? ತಪ್ಪಾಯ್ತು ಅನ್ನಬಾರದಾ? ಅವಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಅಪ್ಪ ಬಂದರು. ಎಲ್ಲರೂ ಮೇಸ್ತ್ರಿ ಎಂದು ಕರೆಯುವ ಅಪ್ಪ ಈಗ ಯಾವ ಉಪಕರಣವನ್ನೂ ಮುಟ್ಟುತ್ತಿರಲಿಲ್ಲ. ಗಿರಾಕಿಗಳ ಜೊತೆ ಮಾತಾಡುವುದು, ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು, ಅಷ್ಟೇ.

"ಬಂದಿದ್ದನಾ?" ಎಂದು ಕೇಳಿದರು.

"ಬಂದಿದ್ದ. ನೀವು ನೋಡಿದ್ರಾ?"

"ನೋಡಿದೆ."

"ನೋಡಿಯೂ ಸುಮ್ನಿದ್ರಾ ಅಪ್ಪಾ?"

ಮೇಸ್ತ್ರಿ ಕುರ್ಚಿಯನ್ನು ಆಚೆಗೆ ಎಳೆದುಕೊಂಡು ಕೂತರು.

ರೇಸ್ ಟ್ರ್ಯಾಕಿನ ಹಿಂದಿರುವ ಸಾಲು ಶೆಡ್ಡುಗಳಲ್ಲಿ ಇವರದೇ ಕೊನೆಯದು. ಇಲ್ಲಿಗೆ ಬರುವವರದ್ದೆಲ್ಲ ಒಂದೇ ಗೋಳು, ಕಾರಿನ ತೂಕ ಇಳಿಸಿ. ಹಿಂದಿನ ಸೀಟು ಕಿತ್ತು, ಕಾರ್ಪೆಟ್ ಕಿತ್ತು, ಬಾಗಿಲುಗಳ ಹೊಟ್ಟೆ ಬಗೆದು ಖಾಲಿ ಮಾಡಿ, ಗಾಜಿನ ಜಾಗಕ್ಕೆ ಪಾಲಿಕಾರ್ಬೊನೇಟ್ ಎಂಬ ಹಗುರ ಪ್ಲಾಸ್ಟಿಕ್ ಹಾಳೆ ಕೂರಿಸುವುದು. ಆ ಹಾಳೆ ಕೊಯ್ಯುವುದರಲ್ಲಿ ಅವಳದು ಎತ್ತಿದ ಕೈ. ರಟ್ಟಿನಲ್ಲಿ ಅಚ್ಚು ತೆಗೆದು, ಹಾಳೆ ಕತ್ತರಿಸಿ, ಅಂಚು ಉಜ್ಜಿ, ಬಿಸಿಲಿಗೆ ಹಿಗ್ಗಲು ಜಾಗವಿರಲೆಂದು ಸ್ಕ್ರೂಗಿಂತ ಒಂದು ಕೂದಲು ದೊಡ್ಡ ತೂತು ಕೊರೆದರೆ, ನಾಲ್ಕು ಕಿಲೋದ ಗಾಜಿನ ಕೆಲಸವನ್ನು ಒಂದೂವರೆ ಕಿಲೋದ ಹಾಳೆ ಮಾಡುತ್ತಿತ್ತು.

ಅದಕ್ಕೇ ಅವಳ ಹೆಸರು 'ಕಿಟಕಿ'. ಇಟ್ಟವನು ಯಾರೆಂದು ಬೇರೆ ಹೇಳಬೇಕೇ?

"ಏ ಕಿಟಕಿ, ಶೆಡ್ಡಲ್ಲಿ ಗಾಳೀನೇ ಇಲ್ಲ. ಸ್ವಲ್ಪ ಈ ಕಡೆ ತಿರುಗಿ ನಗಬಾರದಾ?"

"ಬಾಯಿಗೂ ಒಂದು ಬೆಸುಗೆ ಹಾಕ್ಕೊ!"

ಅಣ್ಣ ಇದನ್ನೆಲ್ಲ ಕೇಳಿಸಿಕೊಂಡು ನಗುತ್ತಿದ್ದ. "ನಿನ್ನನ್ನ ಭಾವ ಅಂತ ಕರೀಬೇಕೇನೋ ನಾನು? ಮೊದ್ಲು ನನ್ನ ಕಾರು ಮುಗಿಸಪ್ಪಾ, ಆಮೇಲೆ ನನ್ನ ತಂಗೀನ ನಗಿಸು."

ಆ ಕಾರು ಮುಗಿಯಿತು. ಎರಡನೇ ಸುತ್ತಿನಲ್ಲಿ ಇನ್ನೊಂದು ಕಾರು ಜಾರಿಕೊಂಡು ಬಂದು ಅಣ್ಣನ ಬಾಗಿಲಿಗೆ ಅಪ್ಪಳಿಸಿತು. ಹಗುರ ಮಾಡಿದ ಬಾಗಿಲು, ಒಳಗೆ ಉಕ್ಕಿನ ಪಟ್ಟಿಯಿಲ್ಲ. ಪಟ್ಟಿಯ ಬದಲಿಗೆ ಹೊಡೆತ ತಡೆಯಬೇಕಿದ್ದ ಪಂಜರದ ಪೈಪು ಬುಡದಿಂದ ಕಳಚಿಕೊಂಡು ಅಣ್ಣನ ಪಕ್ಕೆಗೇ ನುಗ್ಗಿತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಅಷ್ಟೇ ಅಣ್ಣನ ಆಯುಷ್ಯ.

ಆ ಪಟ್ಟಿ ಕೊಯ್ದದ್ದು ಅಪ್ಪ. ಅಂದಿನಿಂದಲೇ ಅವರು ಗ್ರೈಂಡರ್ ಮುಟ್ಟಿಲ್ಲ.

ಪೈಪಿಗೆ ಬೆಸುಗೆ ಹಾಕಿದ್ದು ಅವನು. ಟ್ರ್ಯಾಕ್ ಕಮಿಟಿ ಅವನಿಗೆ ರೇಸ್ ಕಾರು ಮುಟ್ಟಬಾರದೆಂದು ಆಜ್ಞೆ ಮಾಡಿತು. ಆ ಆಜ್ಞೆಯನ್ನು ತೆಗೆಯಬೇಕೋ, ಜೀವಮಾನವಿಡೀ ಮುಂದುವರಿಸಬೇಕೋ ಎಂದು ತೀರ್ಮಾನಿಸಲು ನಾಡಿದ್ದು ವಿಚಾರಣೆ. ಸತ್ತವನ ಮನೆಯವರು ಏನು ಹೇಳುತ್ತಾರೋ ಅದೇ ನಿರ್ಣಾಯಕ. ಹೇಳಬೇಕಾದವಳು ಇವಳು.

"ಏನು ಹೇಳ್ಬೇಕು ಅಂತ ಗೊತ್ತಲ್ಲ?" ಮಧ್ಯಾಹ್ನ ಊಟ ಬಡಿಸುತ್ತಾ ಅಮ್ಮ ಕೇಳಿದಳು.

"ಗೊತ್ತಮ್ಮ."

"ಬೇಡ ಅನ್ನು. ಆ ಕೈ ಇನ್ನೊಬ್ಬ ತಾಯಿಯ ಮಗನ ಕಾರು ಮುಟ್ಟಬಾರದು. ನನ್ನ ಮಗನ್ನ ತಿಂದ ಕೈ ಅದು. ಸೇದಿಹೋಗ್ಲಿ!"

ಮಗ ಹೋದ ಮೇಲೆ ಅಮ್ಮ ಬದುಕಿದ್ದೇ ಈ ಶಾಪದ ಬಲದಿಂದ ಎಂದರೆ ತಪ್ಪಲ್ಲ. ಬೆಳಿಗ್ಗೆ ಎದ್ದರೆ ಆ ಕೈ, ಮಲಗುವ ಮುಂಚೆ ಆ ಕೈ. ಮನೆಯಲ್ಲಿ ಯಾರೂ ಅದಕ್ಕೆ ಎದುರಾಡುತ್ತಿರಲಿಲ್ಲ.

ಅಮ್ಮ ಪಾತ್ರೆ ತೊಳೆಯಲು ಎದ್ದುಹೋದ ಮೇಲೆ ಅವಳು ಕಮಿಟಿಯಿಂದ ಬಂದಿದ್ದ ಲಕೋಟೆ ತೆರೆದಳು. ವಿಚಾರಣೆಯ ಕಾಗದದ ಜೊತೆ ಅಪಘಾತದ ಪೂರ್ತಿ ವರದಿಯ ಪ್ರತಿಯಿತ್ತು. ಅದನ್ನು ಈ ಮನೆಯಲ್ಲಿ ಯಾರೂ ಓದಿರಲಿಲ್ಲ. ಬೆಸುಗೆ ಬಿಟ್ಟುಕೊಂಡಿತು ಎಂದು ಅಪ್ಪ ಹೇಳಿದ್ದರು, ಅವಳಿಗೆ ಅಷ್ಟೇ ಗೊತ್ತಿದ್ದದ್ದು. ಆತುರದಲ್ಲಿ ಕಳಪೆ ಕೆಲಸ ಮಾಡಿ ಹೋಗಿದ್ದಾನೆ ಎಂದುಕೊಂಡಿದ್ದಳು.

ಮೂರನೇ ಪುಟದಲ್ಲಿ ಅವಳ ಕಣ್ಣು ನಿಂತಿತು.

'ಪಕ್ಕದ ಪೈಪಿನ ಮೇಲಿನ ಎರಡು ಜಾಯಿಂಟುಗಳು ಪೂರ್ತಿ ಬೆಸೆದಿವೆ. ಕೆಳಗಿನ ಜಾಯಿಂಟನ್ನು ಬೆಸೆದೇ ಇಲ್ಲ. ಹಿಡಿದು ನಿಲ್ಲಿಸಲು ಎರಡು ಚುಕ್ಕಿ ಬೆಸುಗೆ (ಟ್ಯಾಕ್) ಮಾತ್ರ ಹಾಕಲಾಗಿದೆ. ಅದರ ಮೇಲೆ ಹಳದಿ ಬಣ್ಣ ಬಳಿದಿದ್ದರಿಂದ ಕೆಲಸ ಮುಗಿದಿದೆಯೆಂದು ಎಲ್ಲರೂ ನಂಬಿ, ಬಾಗಿಲಿನ ಪಟ್ಟಿಯನ್ನು ಕೊಯ್ಯಲಾಗಿದೆ. ಬಣ್ಣವನ್ನು ತಾನೇ ಬಳಿದದ್ದಾಗಿ ವೆಲ್ಡರ್ ಒಪ್ಪಿಕೊಂಡಿದ್ದಾನೆ.'

ಒಂದು ಸಲ ಓದಿದಳು. ಮತ್ತೊಂದು ಸಲ ಓದಿದಳು.

ತಾನೇ ಬಳಿದದ್ದಾಗಿ...

ಇಲ್ಲ! ಅವನು ಬಳಿದಿಲ್ಲ!

ಇವರ ಶೆಡ್ಡಿನಲ್ಲಿ ಒಂದು ಕಟ್ಟುಪಾಡಿತ್ತು. ವೆಲ್ಡರ್ ತನ್ನ ಕೆಲಸದ ಬಗ್ಗೆ ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ, ಕಬ್ಬಿಣವೇ ಹೇಳುತ್ತದೆ. ಪೈಪು ಬರಿಮೈಯಲ್ಲಿದ್ದರೆ ಕೆಲಸ ಬಾಕಿಯಿದೆ, ಬಣ್ಣ ಹತ್ತಿದ್ದರೆ ಮುಗಿದಿದೆ. ಬಣ್ಣದ ಬ್ರಷ್ಷು ಹಿಡಿಯಲು ವೆಲ್ಡರ್ ಒಬ್ಬನಿಗೇ ಹಕ್ಕು.

ಆ ಶುಕ್ರವಾರ ಮಧ್ಯಾಹ್ನ ಅವನ ತಾಯಿಗೆ ಹುಷಾರಿಲ್ಲವೆಂದು ಫೋನು ಬಂದು ಅವನು ಹಾಗೇ ಹೊರಟಿದ್ದ. ಭಾನುವಾರ ರೇಸು. ಅವಳು ಕಾರಿನೊಳಗೆ ಬಗ್ಗಿ ನೋಡಿದಳು. ಮೇಲಿನ ಬೆಸುಗೆಗಳು ಮೀನಿನ ಹುರುಪೆಯಂತೆ ಸಾಲಾಗಿ ಮಿನುಗುತ್ತಿದ್ದವು. ಕೆಳಗಿನದು ಕಾಣಬೇಕಾದರೆ ನೆಲದ ಮೇಲೆ ಮಲಗಬೇಕಿತ್ತು. ಮಲಗಲಿಲ್ಲ! ಪಾಪ, ಅವಸರದಲ್ಲಿ ಬಣ್ಣ ಬಳಿಯೋದು ಬಿಟ್ಟು ಹೋಗಿದ್ದಾನೆ ಎಂದುಕೊಂಡಳು. ಅಣ್ಣನಿಗೆ ಹಳದಿ ಎಂದರೆ ಪ್ರಾಣ. ಬೆಳಿಗ್ಗೆ ನೋಡಿ ಕುಣಿದಾಡಲಿ ಎಂದು ಡಬ್ಬಿ ತೆರೆದು, ಹಾಡು ಗುನುಗುತ್ತಾ, ಕೈಗೆ ಸಿಕ್ಕಲ್ಲೆಲ್ಲ ಬಳಿದಳು. ಕೆಳಗೆ ಕಣ್ಣಿಗೆ ಕಾಣದ ಕಡೆ ಬ್ರಷ್ಷು ತೂರಿಸಿ ಕುರುಡಾಗಿ ಬಳಿದಳು.

ಶನಿವಾರ ಬೆಳಿಗ್ಗೆ ಅಣ್ಣ ನಿಜಕ್ಕೂ ಕುಣಿದ. ಅಪ್ಪ ಬಣ್ಣ ನೋಡಿ ಪಟ್ಟಿ ಕೊಯ್ದರು.

"ನಾನು..." ಅವಳು ವರದಿಯನ್ನು ಮಡಚಿ ಪಕ್ಕಕ್ಕಿಟ್ಟಳು. "ಅಣ್ಣಾ... ನಾನಾ?"

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ತಟ್ಟೆ ನೋಡಿದಳು. "ಯಾಕೆ ಹಾಗೇ ಇದೆ? ತಿನ್ನು. ಆ ಪಾಪಿ ಕೈ ನೆನೆಸ್ಕೊಂಡು ನೀನ್ಯಾಕೆ ಅನ್ನ ಬಿಡ್ತೀಯ?"

ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. ಅನ್ನ ಕಲಸಿದ್ದ ಕೈ. ಎದ್ದು ಹಿತ್ತಲಿಗೆ ಓಡಿ, ತಿಂದದ್ದೆಲ್ಲ ಕಕ್ಕಿದಳು.

ಅವನು ಈಗ ಗೇಟು, ಕಿಟಕಿ ಸರಳು ಬೆಸೆಯುವ ಸಣ್ಣ ಅಂಗಡಿಯಲ್ಲಿ ದುಡಿಯುತ್ತಿದ್ದ. ಮರುದಿನ ಬೆಳಿಗ್ಗೆ ಅವಳು ಅಲ್ಲಿಗೆ ಹೋದಾಗ ಯಾರದೋ ಮನೆಯ ಗೇಟಿಗೆ ಕೀಲು ಕೂರಿಸುತ್ತಿದ್ದ. ರೇಸ್ ಕಾರಿನ ಪಂಜರ ಕಟ್ಟುವುದರಲ್ಲಿ ಇವನಂಥವನಿಲ್ಲ ಎಂದು ಊರೆಲ್ಲ ಹೊಗಳುತ್ತಿದ್ದ ಕೈ!

"ಯಾಕೆ ಸುಳ್ಳು ಹೇಳ್ದೆ?"

ನೀವು ಎಂಬುದು ಹೋಗಿಬಿಟ್ಟಿತ್ತು. ಅದು ಅವಳಿಗೇ ಗೊತ್ತಾಗಲಿಲ್ಲ.

ಅವನು ಮುಖದ ಮೇಲಿನ ಕವಚ ಸರಿಸಿದ. ಅವಳ ಕೈಯಲ್ಲಿದ್ದ ಕಾಗದ ಕಂಡಿತು. ಒಮ್ಮೆಲೇ ಅವನ ಭುಜ ಇಳಿಯಿತು.

"ಅದನ್ನ ಯಾಕೆ ಓದ್ದೆ ನೀನು?"

"ಕೇಳಿದ್ದಕ್ಕೆ ಹೇಳು!"

"ಆಸ್ಪತ್ರೆಗೆ ಬಂದು ಅವರು ಕೇಳಿದ್ರು, ಬಣ್ಣ ಯಾರು ಬಳಿದಿದ್ದು ಅಂತ. ನೀನು ಎದುರಿಗಿನ ಬೆಂಚಲ್ಲಿ ಕೂತಿದ್ದೆ. ಅವನ ಶೂಸ್ ತೊಡೆ ಮೇಲೆ ಇಟ್ಕೊಂಡು, ಲೇಸ್ ಕಟ್ಟೋದು, ಬಿಚ್ಚೋದು, ಕಟ್ಟೋದು, ಬಿಚ್ಚೋದು... ನಿನ್ನ ಉಗುರಿನ ಸಂದೀಲಿ ಇನ್ನೂ ಹಳದಿ ಬಣ್ಣ ಇತ್ತು. ನೀನು ಅಂತ ಹೇಳಿದ್ರೆ ನೀನು ಸತ್ತೇ ಹೋಗ್ತಿದ್ದೆ ಕಣೇ. ನನಗೆ ಬೇರೇನೂ ತೋಚಲಿಲ್ಲ."

"ಅದಕ್ಕೆ ನೀನು ಸಾಯೋದಾ? ದಿನಾ ನಮ್ಮಮ್ಮನ ಬಾಯಲ್ಲಿ ಸಾಯೋದಾ?"

"ನನ್ನ ತಪ್ಪೂ ಇದೆ. ಊರಿಂದ ಒಂದು ಫೋನ್ ಮಾಡಿ, ಕೆಳಗಿನದು ಬಾಕಿ ಇದೆ ಅಂತ ಒಂದು ಮಾತು ಹೇಳ್ಬಹುದಿತ್ತು. ಬರಿ ಪೈಪು ನೋಡಿದ್ರೆ ಗೊತ್ತಾಗುತ್ತೆ ಬಿಡು ಅಂದ್ಕೊಂಡೆ. ಬರಿ ಪೈಪೇ ಹೇಳುತ್ತೆ ಅನ್ನೋ ದೊಡ್ಡಸ್ತಿಕೆ! ಅವನು ನನಗೇನು ಬೇರೆಯವನಾ? ಒಡಹುಟ್ಟಿದವರಿಗಿಂತ ಹೆಚ್ಚು ಕಣೇ ಅವನು ನನಗೆ."

ಅವಳು ಗೇಟಿನ ಸರಳು ಹಿಡಿದುಕೊಂಡಳು.

"ನಾಳೆ ಎಲ್ಲ ಹೇಳ್ತೀನಿ."

"ಬೇಡ!" ಅವನು ಗದರಿದ. ಆ ಮೇಲೆ ದನಿ ತಗ್ಗಿಸಿದ. "ಕೇಳು ಇಲ್ಲಿ. ನನಗೆ ಈ ಗೇಟು ಸಾಕು. ಅನ್ನ ಹುಟ್ಟುತ್ತೆ. ನಿಮ್ಮಮ್ಮನಿಗೆ ಉಳಿದಿರೋದು ನೀನೊಬ್ಳೇ. ನಿನ್ನೂ ಕಳ್ಕೊಂಡ್ರೆ ಆ ಜೀವ ಉಳಿಯಲ್ಲ. ಬೇಡ ಅಂತ ಒಂದು ಮಾತು ಹೇಳಿ ಬಂದ್ಬಿಡು, ಮುಗಿದುಹೋಗ್ಲಿ."

"ನಿನ್ನ ಕೆಲಸ?"

"ಹೋದ್ರೆ ಹೋಗ್ಲಿ."

"ನಾನು?"

"ನಿನ್ನ ಆಸೆ ಬಿಟ್ಟೇ ತಾನೇ ಇಷ್ಟೆಲ್ಲ ಮಾಡಿದ್ದು," ಎಂದು ಕವಚ ಮುಖಕ್ಕೆ ಎಳೆದುಕೊಂಡ. ಅದರ ಹಿಂದೆ ಅವನು ಅಳುತ್ತಿದ್ದ. ಅವಳಿಗೆ ಗೊತ್ತಾಯಿತು, ಯಾಕೆಂದರೆ ಕೈಯಲ್ಲಿದ್ದ ಬೆಸುಗೆ ಕಡ್ಡಿಗೆ ಕಿಡಿಯೇ ಹತ್ತುತ್ತಿರಲಿಲ್ಲ.

ಆ ದಿನವನ್ನು ಅವಳು ಹೇಗೆ ಕಳೆದಳೋ ಆ ದೇವರಿಗೇ ಗೊತ್ತು. ಸುಮ್ಮನಿದ್ದರೆ ಅಮ್ಮ ಉಳಿಯುತ್ತಾಳೆ. ಅಮ್ಮನ ಮಡಿಲು ಉಳಿಯುತ್ತದೆ. ಅವನೊಬ್ಬ ಹೋಗುತ್ತಾನೆ, ಅವನೇ ಹೋಗುತ್ತೇನೆ ಎನ್ನುತ್ತಿದ್ದಾನೆ. ಎಷ್ಟು ಸುಲಭ! ಒಂದೇ ಮಾತು... ಆದರೆ ಅಮ್ಮ 'ಸೇದಿಹೋಗ್ಲಿ' ಎಂದಾಗಲೆಲ್ಲ ಅವಳ ಬೆರಳುಗಳು ತಾವಾಗಿಯೇ ಮುದುಡಿಕೊಳ್ಳುತ್ತಿದ್ದವು. ಜೀವಮಾನವಿಡೀ ಈ ಕೈಯಿಂದ ಅಮ್ಮನಿಗೆ ಬಡಿಸಬೇಕು. ಅಮ್ಮ ಇನ್ನೊಬ್ಬನನ್ನು ಶಪಿಸುತ್ತಾ ಉಣ್ಣಬೇಕು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಎರಡು ಫ್ಯಾನು. ಕಮಿಟಿಯ ಹಿರಿಯರು ನಡುವೆ, ಅಕ್ಕಪಕ್ಕ ಇಬ್ಬರು. ಗೋಡೆಯ ಬದಿಗೆ ಅಪ್ಪ, ಅಮ್ಮ. ಎದುರಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅಪರಾಧಿಯಂತೆ ಕೈಕಟ್ಟಿ ಅವನು.

"ಹೇಳಮ್ಮಾ," ಎಂದರು ಹಿರಿಯರು. "ಈತನಿಗೆ ಮತ್ತೆ ಕೆಲಸಕ್ಕೆ ಅವಕಾಶ ಕೊಡಬಹುದಾ? ನಿಮ್ಮ ಮನೆಯವರ ಅಭಿಪ್ರಾಯ ಏನು?"

ಅಮ್ಮ ಮಗಳ ಕಡೆಗೆ ತಲೆಯಾಡಿಸಿದಳು, ಹೇಳು ಎಂಬಂತೆ. ಅವನು ಕಣ್ಣಲ್ಲೇ ಬೇಡಿಕೊಂಡ, ಹೇಳಬೇಡ ಎಂಬಂತೆ.

ಅವಳು ಎದ್ದು ನಿಂತಳು.

"ಬಣ್ಣ ಬಳಿದಿದ್ದು ನಾನು."

ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೆಳಗಿನ ಬೆಸುಗೆ ಬಾಕಿ ಇತ್ತು. ಇವರು ಅದನ್ನ ಬರಿ ಪೈಪಾಗೇ ಬಿಟ್ಟು ಹೋಗಿದ್ರು, ಬಂದು ಮುಗಿಸೋಕೆ. ನಾನು ಬಗ್ಗಿ ನೋಡದೆ ಬಣ್ಣ ಬಳಿದೆ. ಅದನ್ನ ನಂಬಿ ಅಪ್ಪ ಪಟ್ಟಿ ಕೊಯ್ದ್ರು. ಅದನ್ನ ನಂಬಿ ನನ್ನಣ್ಣ..."

"ಸುಳ್ಳು ಸಾರ್!" ಅವನು ಕುರ್ಚಿ ಬೀಳುವಂತೆ ಎದ್ದ. "ದುಃಖದಲ್ಲಿ ಏನೇನೋ ಹೇಳ್ತಿದಾಳೆ. ನಾನೇ ಬಳಿದಿದ್ದು. ಬರೆದುಕೊಟ್ಟಿದೀನಲ್ಲ!"

"ಶುಕ್ರವಾರ ಮಧ್ಯಾಹ್ನಾನೇ ನೀನು ಊರಿಗೆ ಹೋಗಿದ್ದೆ!"

"ಬಳಿದೇ ಹೋಗಿದ್ದು!"

ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಬ್ಬರು ತಪ್ಪಿಗಾಗಿ ಹೀಗೆ ಕಿತ್ತಾಡುವುದನ್ನು ಅವರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ.

"ಅವಳು ಹೇಳ್ತಿರೋದು ನಿಜ."

ಅಪ್ಪನ ದನಿ. ಮೇಸ್ತ್ರಿ ಕೂತಲ್ಲಿಂದ ಏಳಲಿಲ್ಲ. ನೆಲ ನೋಡುತ್ತಲೇ ಹೇಳಿದರು.

"ಅವತ್ತು ಸಂಜೆ ಅವಳ ಮೊಣಕೈವರೆಗೂ ಹಳದಿ ಬಣ್ಣ ಇತ್ತು. ನಾನೇ ತಿನ್ನರ್ ಸುರಿದು ಕೈ ತೊಳೆಸಿದೆ. ಕಾರಿನ ಹತ್ರ ಹೋಗಿ ಒಂದು ಸಲ ಬಗ್ಗಿ ನೋಡಿದ್ರೆ ಆಗ್ತಿತ್ತು. ನಾನೂ ನೋಡ್ಲಿಲ್ಲ. ಇವನು ಒಪ್ಕೊಂಡಾಗ ನನಗೆ ಎಲ್ಲ ಅರ್ಥ ಆಯ್ತು ಸಾರ್. ಸುಮ್ನಿದ್ದೆ. ಒಂದು ಮಗು ಹೋಗಿತ್ತು, ಇನ್ನೊಂದನ್ನೂ ಕಳ್ಕೊಳ್ಳೋ ತಾಕತ್ತು ನನಗೆ ಇರ್ಲಿಲ್ಲ. ಬೇರೆಯವರ ಮಗನ್ನ ಬೆಂಕಿಗೆ ತಳ್ಳಿ ನನ್ನ ಮಗಳನ್ನ ಉಳಿಸ್ಕೊಂಡೆ. ನಾನು ಮೇಸ್ತ್ರಿ ಅನ್ನಿಸ್ಕೊಳ್ಳೋಕೆ ಲಾಯಕ್ಕಲ್ಲ."

ಅವಳು ಅಮ್ಮನ ಕಡೆ ನೋಡಿದಳು. ಬೈಯಲಿ, ಹೊಡೆಯಲಿ, ಶಾಪ ಹಾಕಲಿ... ಏನಾದರೂ ಆಗಲಿ!

ಅಮ್ಮ ಗಂಡನನ್ನು ನೋಡಿದಳು. ಮಗಳನ್ನು ನೋಡಿದಳು. ಕೊನೆಗೆ ಅವನನ್ನು ನೋಡಿದಳು. ಸೆರಗು ಹೊದ್ದುಕೊಂಡು ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ನಡೆದುಬಿಟ್ಟಳು. ಅಪ್ಪ ಹಿಂದೆಯೇ ಹೋದರು.

ತೀರ್ಪಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವನ ಮೇಲಿನ ಆಜ್ಞೆ ರದ್ದು. ಅವಳು ಎರಡು ವರ್ಷ ಯಾವ ರೇಸ್ ಕಾರನ್ನೂ ಮುಟ್ಟುವಂತಿಲ್ಲ. "ಎರಡೇ ವರ್ಷಾನಾ ಸಾರ್?" ಎಂದು ಕೇಳಿದಳು ಅವಳು. ಹಿರಿಯರು ಕಾಗದ ಮಡಚಿದರು.

ಹೊರಗೆ ಬಿಸಿಲು ಸುಡುತ್ತಿತ್ತು. ಅವನು ಅವಳ ಮೇಲೆ ಹರಿಹಾಯ್ದ.

"ಹದಿನಾಲ್ಕು ತಿಂಗಳು ನಾನು ಬಾಯಿ ಮುಚ್ಕೊಂಡಿದ್ದೆ! ಒಂದೇ ನಿಮಿಷದಲ್ಲಿ ಎಲ್ಲ ಮಣ್ಣುಪಾಲು ಮಾಡ್ಬಿಟ್ಯಲ್ಲೇ! ಈಗ ನಿಮ್ಮಮ್ಮನ ಮುಖ ಹೇಗೆ ನೋಡ್ತೀಯಾ?"

"ಗೊತ್ತಿಲ್ಲ."

"ಎಲ್ಲಿಗೆ ಹೋಗ್ತೀಯಾ?"

"ಮನೆಗೇ. ಇನ್ನೆಲ್ಲಿಗೆ?"

ಅವನು ಬೈಯುತ್ತಲೇ ಜೊತೆಗೆ ಬಂದ. ದಾರಿಯುದ್ದಕ್ಕೂ ಬೈದ. ಬಸ್ಸಿನಲ್ಲೂ ಬೈದ. ಹತ್ತಿರ ಕೂತಿದ್ದ ಮುದುಕಿಯೊಬ್ಬಳು "ಹೆಂಡತೀನ ಹೀಗಾ ಬೈಯೋದು, ಅಳ್ತಿದಾಳೆ ನೋಡು" ಎಂದಾಗ ಮಾತ್ರ ಗಪ್‌ಚಿಪ್ಪಾದ. ಇಬ್ಬರೂ ಹೆಂಡತಿಯಲ್ಲ ಎನ್ನಲಿಲ್ಲ.

ಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು.

"ಅಮ್ಮಾ..." ಅವಳು ಕರೆದಳು. ಒಳಗೆ ಅಮ್ಮ ಅಳುತ್ತಿದ್ದಳು. ಮಗ ಹೋದ ದಿನ ಅತ್ತ ಹಾಗೆಯೇ, ದನಿ ತೆಗೆದು. ಶಾಪ ಹಾಕುತ್ತಿದ್ದಷ್ಟು ದಿನ ಅಮ್ಮ ಹೀಗೆ ಅತ್ತಿರಲಿಲ್ಲ.

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಅವನು ಸ್ವಲ್ಪ ದೂರದಲ್ಲಿ ಕೂತ. ನೆರಳು ಸರಿದು ಅವರ ಕಾಲ ಮೇಲೆ ಬಿಸಿಲು ಬಂತು. ಯಾರೂ ಏಳಲಿಲ್ಲ.

ಎಷ್ಟೋ ಹೊತ್ತಿಗೆ ಕಿಟಕಿ ತೆರೆಯಿತು. ಅಪ್ಪ ಸರಳುಗಳ ಹಿಂದೆ ನಿಂತಿದ್ದರು. ಒಂದೇ ಮಧ್ಯಾಹ್ನದಲ್ಲಿ ಹತ್ತು ವರ್ಷ ಹೆಚ್ಚಾದಂತೆ ಕಾಣುತ್ತಿದ್ದರು.

"ಅಪ್ಪಾ, ಅಮ್ಮ ಏನಂದ್ಲು?"

"ಆ ಹುಡುಗ ಊಟ ಮಾಡಿದ್ನಾ ಕೇಳು, ಅಂತಾಳೆ."

ಅವನ ಬಗ್ಗೆ ಕೇಳಿದ್ದಾಳೆ. ಮಗಳ ಬಗ್ಗೆ ಕೇಳಿಲ್ಲ. ಅವಳು ತಲೆ ತಗ್ಗಿಸಿದಳು.

ಅವನು ಎದ್ದು ಕಿಟಕಿಯ ಹತ್ತಿರ ಹೋದ.

"ಇಬ್ರೂ ಮಾಡಿಲ್ಲ ಅಂತ ಹೇಳಿ ಮೇಸ್ತ್ರೀ. ಅವಳು ನಿನ್ನೆಯಿಂದಾನೇ ಏನೂ ತಿಂದ ಹಾಗಿಲ್ಲ. ಅಮ್ಮ ಬಾಗಿಲು ತೆಗೆಯೋವರೆಗೂ ನಾವು ಇಲ್ಲೇ ಇರ್ತೀವಿ. ನಮಗೇನೂ ಅವಸರ ಇಲ್ಲ."

ಅಪ್ಪ ಏನೋ ಹೇಳಲು ಹೋದರು. "ನನ್ನ ಕ್ಷಮಿಸು" ಎಂಬ ಮಾತು ಅರ್ಧಕ್ಕೇ ನಿಂತುಹೋಯಿತು. ಅವನು ಸರಳಿನ ಮೇಲಿದ್ದ ಅವರ ಕೈಯನ್ನು ಒಂದು ಕ್ಷಣ ಹಿಡಿದುಕೊಂಡು ಬಿಟ್ಟ. ಅವರು ಒಳಗೆ ಸರಿದರು.

ಈ ಸಲ ಅವನು ಅವಳ ಪಕ್ಕದಲ್ಲೇ ಕೂತ.

"ಹೋಗು ನೀನು," ಎಂದಳು ಅವಳು. "ನಿನಗೆ ಕೆಲಸ ವಾಪಸ್ ಸಿಕ್ತು. ನನ್ನ ಜೊತೆ ಇದ್ರೆ ನಿನಗೆ ಏನು ಸಿಗುತ್ತೆ? ದಿನಾ ನನ್ನ ಮುಖ ನೋಡ್ಬೇಕು. ನೋಡಿದಾಗೆಲ್ಲ ಅಣ್ಣ ನೆನಪಾಗಲ್ವಾ?"

"ಆಗ್ತಾನೆ." ಅವನು ಮುಚ್ಚಿಡಲಿಲ್ಲ. "ನನ್ನ ನೋಡಿದ್ರೆ ನಿನಗೆ?"

"ಆಗ್ತಾನೆ..."

"ಯಾವಾಗ್ಲೂ?"

"ಯಾವಾಗ್ಲೂ."

ಅವನು ಅವಳ ಬಲಗೈ ಎತ್ತಿ ತನ್ನ ಎರಡೂ ಕೈಗಳೊಳಗೆ ಇಟ್ಟುಕೊಂಡ. ಅವಳು ಬಿಡಿಸಿಕೊಳ್ಳಲು ನೋಡಿದಳು, ಅವನು ಬಿಡಲಿಲ್ಲ.

"ಹಾಗಿದ್ಮೇಲೆ ಬೇರೆ ಬೇರೆ ಕಡೆ ಕೂತು ಯಾಕೆ ಅಳೋದು ಹೇಳು?"

ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳು ಯಾರ ಮೇಲೂ ಸಿಟ್ಟಿಲ್ಲದೆ ಅತ್ತಳು. ಅವನ ಭುಜಕ್ಕೆ ಮುಖ ಒತ್ತಿ, ಅಣ್ಣಾ ಅಣ್ಣಾ ಎಂದು ಅತ್ತಳು. ಒಳಗಿನಿಂದ ಅಮ್ಮನ ಅಳು ಕೇಳುತ್ತಲೇ ಇತ್ತು. ತಾಯಿಮಗಳ ಅಳು ಯಾವುದು ಯಾರದೆಂದು ಗೊತ್ತಾಗದ ಹಾಗೆ ಕೂಡಿಹೋಗಿತ್ತು.

"ನೀನು ಹೋಗಲ್ಲ ಅಲ್ವಾ?" ಬಿಕ್ಕುತ್ತಾ ಕೇಳಿದಳು.

"ಹೋಗಲ್ಲ ಕಣೇ."

"ಅಮ್ಮ ಇವತ್ತು ಬಾಗಿಲು ತೆಗೀದಿದ್ರೆ?"

"ನಾಳೆ ಬಂದು ಕೂರೋಣ."